ನುಲಿ ಮತ್ತು ನೆಲುವು



ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದು, ಈಗ ಮಲ್ಲೇಶ್ವರದಲ್ಲಿ ವಿಶ್ರಾಂತಿಯ ದಿನಗಳನ್ನು ಕಳೆಯುತ್ತಿರುವ ಹಳೆಯ ವಿದ್ಯಾರ್ಥಿಗಳೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದರು. ವಯಸ್ಸಿನಲ್ಲಿ ಅವರು ನಮಗಿಂತ ಹಿರಿಯರು. ಆದರೂ ಪ್ರಶ್ನೆ ಕೇಳುವಾಗ ವಿದ್ಯಾರ್ಥಿಯ ವಿನಯವನ್ನು ಬಿಟ್ಟವರಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದೆ ಕುಳಿತಿದ್ದಾಗ, ಮೊಮ್ಮಗಳ ಮೊಬೈಲಿನಲ್ಲಿ ನೋಡಿ, ಹತ್ತಿಯ ಹುರಿಯಿಂದ ಅಲಂಕಾರದ ಗಂಟುಗಳನ್ನು ಹಾಕುವ ವಿದ್ಯೆಯನ್ನು ಕಲಿತರಂತೆ. ಮ್ಯಾಕ್ರಮೆ ಎಂದು ಅದರ ಹೆಸರು. ಮೊದಲು ಬೀಗದಕೈಗೊಂದು ಗೊಂಡೆ, ಆಮೇಲೆ ಹೂಕುಂಡ ತೂಗುವ ಜಾಲ, ಅನಂತರ ಬಾಗಿಲಿಗೆ ತೋರಣ, ಈಗ ಕಿಟಕಿಯಷ್ಟು ಅಗಲದ ಪರದೆ. ಅವರು ಬರೆಯುತ್ತಾರೆ: “ಇದನ್ನು ಕಾಯಕವೆಂದು ಭಾವಿಸಿ ಮಾಡುತ್ತಿದ್ದೇನೆ ಬುದ್ಧಿ. ಮನೆಯಾಕೆ ಮಾತ್ರ, ಕಾಯಕವಾದರೆ ಮನೆಗೆ ಅಕ್ಕಿ ಬರಬೇಕಲ್ಲ, ಇದರಿಂದ ಬರುತ್ತಿರುವುದು ಇನ್ನಷ್ಟು ಹುರಿ, ಎನ್ನುತ್ತಾಳೆ. ಮಗ, ಮಾರಾಟಕ್ಕೆ ಇಡಿ, ಸುಮ್ಮನೆ ಹಾಳಾಗುವುದೇಕೆ, ಎನ್ನುತ್ತಾನೆ. ಇದು ಕಾಯಕವೋ ಕಾಲಹರಣವೋ, ಮಾರಬಹುದೋ ಬಾರದೋ, ತಾವು ಅಪ್ಪಣೆ ಕೊಡಿಸಬೇಕು.”

ಪ್ರಶ್ನೆ ಹಗುರವಾದುದೆಂದು ಕೆಲವರಿಗೆ ತೋರೀತು. ನಮಗೆ ಹಾಗೆ ತೋರಲಿಲ್ಲ. ಏಕೆಂದರೆ ಇದೇ ಪ್ರಶ್ನೆಗೆ ಕೆಲವು ವರ್ಷಗಳ ಹಿಂದೆ, ಯಾರೂ ಕೇಳದೆಯೇ, ನಾವು ಒಂದು ಉತ್ತರವನ್ನು ಕೊಟ್ಟಿದ್ದೆವು. ಅದು ತಪ್ಪು ಉತ್ತರವಾಗಿತ್ತು. ಆ ತಪ್ಪನ್ನು ಒಪ್ಪಿಕೊಳ್ಳದೆ ಈ ಪತ್ರಕ್ಕೆ ಉತ್ತರಿಸುವ ಅಧಿಕಾರ ನಮಗಿಲ್ಲ.

ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿನ ಮಂದಿರದಿಂದ ನಡೆದುಹೋಗುವಷ್ಟು ದೂರದಲ್ಲಿ, ನಮ್ಮ ಭಕ್ತರ ಮನೆಯೊಂದಿದೆ. 1892ರಲ್ಲಿ ಹುಟ್ಟಿದ ಆ ಬಡಾವಣೆಯ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಮಹಡಿಗಳೇಳುತ್ತಿರುವಾಗ ಅದು ಇನ್ನೂ ಜಗಲಿ, ಕೆಂಪು ಗಾರೆಯ ನೆಲ, ಮರದ ತೊಲೆಗಳೊಡನೆ ನಿಂತಿದೆ. ಪಾದಪೂಜೆಗೆಂದು ಹೋಗಿದ್ದೆವು. ಮನೆಯ ಹಿರಿಯರಾದ ತಾಯಿಯವರು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಪತಿಯನ್ನು ಕಳೆದುಕೊಂಡು ಆಗ ಎರಡು ವರ್ಷವಾಗಿತ್ತು. ನಡುಮನೆಯ ತೊಲೆಯ ಕೊಕ್ಕೆಗಳಿಂದ ಹುರಿಯ ಜಾಲಗಳು ಇಳಿಬಿದ್ದಿದ್ದವು. ನಡುವೆ ಒಂದು ದೊಡ್ಡ ತೂಗುಪಟ. ಸಾವಿರ ಗಂಟುಗಳಾದರೂ ಅದರಲ್ಲಿ ಇದ್ದಿರಬೇಕು. “ಇದೊಂದಕ್ಕೆ ಎಷ್ಟು ದಿನ ಹಿಡಿಯಿತು ತಾಯಿ?” ಎಂದು ಕೇಳಿದೆವು. “ಮೂರು ತಿಂಗಳು ಹಿಡಿಯಿತು ಬುದ್ಧಿ” ಎಂದರು. “ಮೂರು ತಿಂಗಳಲ್ಲಿ ಬೀದಿಯ ನಾಲ್ಕು ಮಕ್ಕಳಿಗೆ ಅಕ್ಷರ ಕಲಿಸಬಹುದಾಗಿತ್ತು. ನುಲಿಯ ಚಂದಯ್ಯನವರೂ ಹಗ್ಗ ಹೊಸೆದರು. ಅದರಿಂದ ಜಂಗಮರಿಗೆ ಪ್ರಸಾದವಾಯಿತು. ಈ ಹಗ್ಗದಿಂದ ಏನಾಯಿತು?” ಎಂದೆವು. ನೆರೆದವರು ನಕ್ಕರು. ಸ್ವಾಮಿಗಳ ಮಾತಿಗೆ ನಗುವುದು ನಮ್ಮಲ್ಲಿ ಒಂದು ಮರ್ಯಾದೆಯಾಗಿಬಿಟ್ಟಿದೆ. ತಾಯಿಯವರೂ ನಕ್ಕರು. ನಮಗೆ ಒಂದು ಒಳ್ಳೆಯ ಮಾತನ್ನಾಡಿದ ತೃಪ್ತಿಯಾಯಿತು.

ಮರುವರ್ಷ ಅದೇ ಮನೆಗೆ ಹೋದಾಗ ಕೊಕ್ಕೆಗಳು ಬರಿದಾಗಿದ್ದವು. ಕೇಳಿದ್ದಕ್ಕೆ ತಾಯಿಯವರು, “ಧೂಳು ಹಿಡಿಯುತ್ತಿತ್ತು” ಎಂದಷ್ಟೇ ಹೇಳಿ ಒಳಕ್ಕೆ ಹೋದರು. ಪ್ರಸಾದ ಬಡಿಸುವಾಗ ಸೊಸೆ ಮೆಲ್ಲನೆ ಹೇಳಿದರು: “ತಾವು ಬಂದುಹೋದ ವಾರವೇ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿಬಿಟ್ಟರು ಬುದ್ಧಿ. ಮಾವನವರು ಆಸ್ಪತ್ರೆಯಲ್ಲಿದ್ದಾಗ ಅತ್ತೆ ರಾತ್ರಿಯೆಲ್ಲ ಮಂಚದ ಪಕ್ಕದಲ್ಲಿ ಕುಳಿತು ಹಾಕಿದ್ದು ಆ ದೊಡ್ಡದು. ದೀಪ ಹಾಕುವಂತಿರಲಿಲ್ಲ, ಓದುವಂತಿರಲಿಲ್ಲ. ಕತ್ತಲಲ್ಲಿ ಕೈಯಿಂದಲೇ ಹಾಕುತ್ತಿದ್ದರು. ಮಾವನವರು ಎಚ್ಚರವಾದಾಗ, ಇವತ್ತು ಎಷ್ಟು ದೂರ ಬಂತು, ಎಂದು ಮುಟ್ಟಿ ನೋಡುತ್ತಿದ್ದರು.” ನಾವು ಲೆಕ್ಕ ಹಾಕಿದ ಮೂರು ತಿಂಗಳು ಅವು.

ತಿಳಿಯದೆ ಆಡಿದ ಮಾತು, ದೋಷವಿಲ್ಲ, ಎಂದು ಜೊತೆಯಲ್ಲಿದ್ದ ಮರಿದೇವರು ನಮ್ಮನ್ನು ಸಮಾಧಾನಪಡಿಸಿದರು. ಆ ಸಮಾಧಾನವನ್ನು ನಾವು ಬಹಳ ದಿನ ಉಳಿಸಿಕೊಳ್ಳಲಾಗಲಿಲ್ಲ. ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ತಾಯಿ ಆಸ್ಪತ್ರೆಯಲ್ಲಿ ಕುಳಿತಿರದೆ, ತಮ್ಮದೇ ಜಗಲಿಯ ಮೇಲೆ, ಯಾವ ದುಃಖವೂ ಇಲ್ಲದೆ, ಬರಿಯ ಸಂತೋಷಕ್ಕಾಗಿ ಆ ಗಂಟುಗಳನ್ನು ಹಾಕಿದ್ದರೆ ನಮ್ಮ ಮಾತು ಸರಿಯಾಗುತ್ತಿತ್ತೇ? ಆಗುತ್ತಿತ್ತೆಂದರೆ, ಸಂಕಟದ ರಸೀದಿ ತೋರಿಸಿದವರಿಗೆ ಮಾತ್ರ ಗಂಟು ಹಾಕುವ ಅಪ್ಪಣೆ, ಉಳಿದವರಿಗಿಲ್ಲ ಎಂದಂತಾಗುತ್ತದೆ. ತಪ್ಪು ಇದ್ದುದು ನಮ್ಮ ತಿಳಿವಳಿಕೆಯ ಕೊರತೆಯಲ್ಲಲ್ಲ; ನಾವು ಹಿಡಿದಿದ್ದ ತಕ್ಕಡಿಯಲ್ಲಿ.

ತಕ್ಕಡಿಯ ಮಾತಿಗೆ ಹೋಗುವ ಮುನ್ನ ತೂಗಬೇಕಾದ ವಸ್ತುವನ್ನು ನೋಡೋಣ. ಈ ಅಲಂಕಾರದ ಗಂಟು ಹೊರದೇಶದಿಂದ ಬಂದ ಹೊಸ ಮೋಜು, ಉಳ್ಳವರ ಮನೆಯ ಶೋಕಿ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. 1980ರ ದಶಕದಲ್ಲಿ ನೈಲಾನ್ ಹುರಿಯ ಗೂಬೆಗಳೂ ತೂಗುಕುಂಡಗಳೂ ಬೆಂಗಳೂರಿನ ಮನೆಮನೆಯಲ್ಲಿ ತೂಗಾಡಿದುದನ್ನು ಕಂಡವರಿಗೆ ಹಾಗೆನ್ನಿಸುವುದು ಸಹಜ. ಆದರೆ ಹಳ್ಳಿಯಲ್ಲಿ ಹುಟ್ಟಿದವರು ತಮ್ಮ ಅಜ್ಜಿಯ ಅಡುಗೆಮನೆಯನ್ನು ಜ್ಞಾಪಿಸಿಕೊಳ್ಳಲಿ. ಅಲ್ಲಿ ತೊಲೆಯಿಂದ ಇಳಿಬಿಟ್ಟ ನೆಲುವು ಇತ್ತು. ಹಗ್ಗದ ಆ ತೂಗುಬಲೆಯಲ್ಲಿ ಹಾಲು ಮೊಸರು ಬೆಣ್ಣೆಯ ಗಡಿಗೆಗಳು ಒಂದರ ಮೇಲೊಂದು ಕುಳಿತು, ಬೆಕ್ಕಿಗೂ ಮಕ್ಕಳಿಗೂ ಎಟುಕದೆ ಇರುತ್ತಿದ್ದವು. ಗಡಿಗೆ ನಿಲ್ಲಲು ನಾಲ್ಕು ಎಳೆ ಹಗ್ಗ, ಅಡಿಯಲ್ಲಿ ಒಂದು ಗಂಟು ಸಾಕು. ಆದರೂ ನಮ್ಮ ಅಜ್ಜಿಯ ನೆಲುವಿನಲ್ಲಿ ಗೇಣಿಗೊಂದು ಹೆಣಿಗೆಯಿತ್ತು, ಹೆಣಿಗೆಗೊಂದು ಕವಡೆಯಿತ್ತು, ತುದಿಯಲ್ಲಿ ಹಳೆಯ ಸೀರೆಯ ಅಂಚಿನಿಂದ ಮಾಡಿದ ಕುಚ್ಚು ಇತ್ತು. ಹೊಗೆ ಹಿಡಿದು ಕಪ್ಪಾದ ಆ ಕತ್ತಲೆಯ ಮೂಲೆಯಲ್ಲಿ ಅದನ್ನು ನೋಡುವವರು ಯಾರು? ಅಜ್ಜಿಯನ್ನು ಯಾರೂ ಕೇಳಲಿಲ್ಲ. ಇಂದಿನ ಹೂಕುಂಡದ ಜಾಲ ಆ ನೆಲುವಿನ ಮೊಮ್ಮಗಳು. ಹೆಸರು ಮಾತ್ರ ಪರದೇಶದ್ದು.

ಇನ್ನೊಂದು ಚಿತ್ರ ನಮ್ಮ ಪೂರ್ವಾಶ್ರಮದ ಊರಿನದು. ಜ್ಯೇಷ್ಠಮಾಸದ ಕಾರಹುಣ್ಣಿಮೆ ಬಯಲುಸೀಮೆಯ ರೈತನಿಗೆ ಎತ್ತಿನ ಹಬ್ಬ. ಅದರ ಹಿಂದಿನ ಸಂತೆಯಲ್ಲಿ ಬಣ್ಣದ ಹುರಿಗಳು, ಗೊಂಡೆಗಳು, ಹಣೆಕಟ್ಟುಗಳು, ಕೊರಳಿನ ಗೆಜ್ಜೆಸರಗಳು ರಾಶಿ ಬಿದ್ದಿರುತ್ತವೆ. ಒಂದು ವರ್ಷ ಹಿಂಗಾರು ಕೈಕೊಟ್ಟು, ಮನೆಯಲ್ಲಿ ಯಾರಿಗೂ ಹೊಸ ಬಟ್ಟೆಯಿಲ್ಲ. ಸಂತೆಗೆ ಹೋಗಲು ಕೈಯಲ್ಲಿ ಕಾಸಿಲ್ಲ. ತಂದೆಯವರು ಹಳೆಯ ಗೊಂಡೆಗಳನ್ನು ಎಳೆಯೆಳೆಯಾಗಿ ಬಿಚ್ಚಿ, ತೊಳೆದು, ಬಣ್ಣದಲ್ಲಿ ಅದ್ದಿ ಒಣಗಿಸಿ, ಎರಡು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕುಳಿತು ಮತ್ತೆ ಕಟ್ಟಿದರು. ಆ ಗೊಂಡೆಯಿಂದ ನೇಗಿಲು ಒಂದು ಅಂಗುಲವೂ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ತನ್ನ ಹಣೆಯ ಮೇಲೆ ಏನಿದೆಯೆಂಬುದು ಎತ್ತಿಗೆ ಕಾಣುವುದೂ ಇಲ್ಲ. ಆದರೆ ವರ್ಷವಿಡೀ ಹಗ್ಗದಿಂದ ಕಟ್ಟಿಸಿಕೊಂಡು ದುಡಿದ ಪ್ರಾಣಿಗೆ, ಆ ಒಂದು ದಿನ ಕಟ್ಟದೆ ಇರುವ ಹಗ್ಗ ಅದು. ಮೂಗುದಾರವೂ ಹುರಿ, ಗೊಂಡೆಯೂ ಹುರಿ. ಒಂದು ಎಳೆಯುವುದಕ್ಕೆ, ಇನ್ನೊಂದು ಕೇವಲ ಇರುವುದಕ್ಕೆ. ಬಡವನ ಮನೆಯಲ್ಲಿ ಉಪಯೋಗಕ್ಕೆ ಬಾರದ ವಸ್ತುವಿಗೆ ಅಷ್ಟು ಗೌರವವಿದ್ದುದನ್ನು ಕಂಡೂ ಕಾಣದೆ, ನಾವು ಚಾಮರಾಜಪೇಟೆಯಲ್ಲಿ ಉಪಯೋಗದ ಲೆಕ್ಕ ಕೇಳಿದೆವು.

ಎತ್ತಿನ ಮಾತಿನಿಂದ ಬಸವನಗುಡಿಗೆ ಬರುವುದು ಸುಲಭ. ಆ ಬಡಾವಣೆಗೆ ಬಸವಣ್ಣನವರಿಂದ ಹೆಸರು ಬಂದಿತೆಂದು ಎಷ್ಟೋ ಭಕ್ತರು ತಿಳಿದಿದ್ದಾರೆ. ಅಲ್ಲ, ಬಂಡೆಯಲ್ಲಿ ಕಡೆದ ದೊಡ್ಡ ಬಸವನಿಂದ, ಎಂದರೆ ನಂದಿಯಿಂದ ಬಂದುದು. ಇರಲಿ. ಅಲ್ಲಿಯ ಗಾಂಧಿಬಜಾರಿನಲ್ಲಿ ಹೂ ಕಟ್ಟುವವರ ಮುಂದೆ ಐದು ನಿಮಿಷ ನಿಂತು ನೋಡಿ. ಒದ್ದೆ ಬಾಳೆನಾರು, ಅದರ ಮೇಲೆ ಈ ಕಡೆಗೆರಡು ಆ ಕಡೆಗೆರಡು ಹೂವಿನ ತೊಟ್ಟು, ಒಂದು ಸುತ್ತು, ಒಂದು ಕುಣಿಕೆ, ಒಂದು ಜಗ್ಗು; ಕಣ್ಣು ಗಿರಾಕಿಯ ಮೇಲೆ, ಕೈ ತನ್ನಷ್ಟಕ್ಕೆ ತಾನು. ಮೊಳ ಮುಗಿಯುವಷ್ಟರಲ್ಲಿ ಹತ್ತಾರು ಗಂಟು. ಅಲ್ಲಿಂದ ಒಳರಸ್ತೆಗೆ ತಿರುಗಿದರೆ ರವಿಕೆ ಹೊಲಿಯುವ ಅಂಗಡಿಗಳ ಮೇಲೆ ‘ಸೀರೆಗೆ ಕುಚ್ಚು ಹಾಕಿಕೊಡಲಾಗುವುದು’ ಎಂಬ ಫಲಕ. ರೇಷ್ಮೆ ಸೀರೆಯನ್ನು ಮಗ್ಗದಿಂದ ಕತ್ತರಿಸಿದಾಗ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಬಿಡಿಯಾಗಿ ಉಳಿಯುತ್ತವೆ. ಗಂಟು ಹಾಕದಿದ್ದರೆ ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದಿರಲಿ ಎಂದು ಹಾಕಿದ ಗಂಟು ಕ್ರಮೇಣ ಸಾಲಾಯಿತು, ಸಾಲು ಜಾಲರಿಯಾಯಿತು, ಜಾಲರಿಗೆ ಮಣಿ ಬಂದಿತು. ಈ ಕುಚ್ಚುಗಳನ್ನು ಕಟ್ಟುವವರು ಬಹುಮಟ್ಟಿಗೆ ಮನೆಯಲ್ಲೇ ಕುಳಿತು, ಸೀರೆಗಿಷ್ಟು ಎಂದು ಕೂಲಿ ಪಡೆಯುವ ಹೆಣ್ಣುಮಕ್ಕಳು. ಅವರ ಮಾತಿಗೆ ಮತ್ತೆ ಬರುತ್ತೇವೆ.

ಮ್ಯಾಕ್ರಮೆಯ ಚರಿತ್ರೆಯೂ ಇದೇ ಎಂಬುದು ಸೋಜಿಗ. ಆ ಶಬ್ದ ಅರಬ್ಬಿ ಮೂಲದ್ದೆನ್ನುತ್ತಾರೆ. ಅರಬ್ ನೇಕಾರರು ಬಟ್ಟೆಯ ಅಂಚಿನ ಬಿಡಿ ಎಳೆಗಳನ್ನು ಗಂಟಿಕ್ಕಿದ್ದರಿಂದ ಆ ಕಲೆ ಬೆಳೆದು ಸ್ಪೇನಿನ ಮೂಲಕ ಯೂರೋಪಿಗೆ ಹಬ್ಬಿತೆಂಬುದು ರೂಢಿಯ ಮಾತು. ಅದನ್ನು ಕಡಲ ಮೇಲೆ ಹೊತ್ತು ತಿರುಗಿದವರು ಹಾಯಿಹಡಗಿನ ನಾವಿಕರು. ತಿಂಗಳುಗಟ್ಟಲೆ ನೀರಿನ ಮೇಲಿದ್ದು, ಕಡಿಮೆ ಕೂಲಿಗೆ ಮೈಮುರಿದು ದುಡಿದು, ಬಿಡುವಿನ ವೇಳೆಯಲ್ಲಿ ಹಳೆಯ ಹಗ್ಗದ ತುಂಡುಗಳಿಂದ ಚಾಪೆ, ಗಂಟೆಯ ಹಿಡಿಹಗ್ಗ, ಪೆಟ್ಟಿಗೆಯ ಹಿಡಿಕೆಗಳನ್ನು ಹೆಣೆಯುತ್ತಿದ್ದರು. ಕ್ಲಿಫರ್ಡ್ ಆಶ್ಲಿ ಎಂಬ ಅಮೆರಿಕದ ಚಿತ್ರಕಾರರು ಇಂಥ ಗಂಟುಗಳನ್ನೆಲ್ಲ ಸಂಗ್ರಹಿಸಿ 1944ರಲ್ಲಿ ಒಂದು ಮಹಾಗ್ರಂಥವನ್ನೇ ಪ್ರಕಟಿಸಿದರು; 3,800ಕ್ಕೂ ಹೆಚ್ಚು ನಮೂದುಗಳು, ಸಾವಿರಾರು ಚಿತ್ರಗಳು. ವಿಶ್ವವಿದ್ಯಾನಿಲಯದ ದಿನಗಳಲ್ಲಿ ಅದರ ಪುಟಗಳನ್ನು ತಿರುವಿದ ನಮಗೆ ಆಗ ಬೆರಗಾಗಿದ್ದು ಸಂಖ್ಯೆ ಮಾತ್ರ. ಈಗ ತೋರುವುದು ಬೇರೆ. ಅಲಂಕಾರದ ಗಂಟುಗಳನ್ನು ಹೆಚ್ಚಾಗಿ ಕಂಡುಹಿಡಿದವರು ಸೋಮಾರಿಗಳಲ್ಲ; ಹಗಲೆಲ್ಲ ಅದೇ ಹಗ್ಗವನ್ನು ಎಳೆದೆಳೆದು ಅಂಗೈ ಬೊಬ್ಬೆಯೆದ್ದವರು.

ಆದರೂ ನಮ್ಮ ಸಂಪ್ರದಾಯದಿಂದಲೇ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ಬಚ್ಚಿಡಬಾರದು. ಶೈವಶಾಸ್ತ್ರದಲ್ಲಿ ಜೀವನನ್ನು ಕಟ್ಟಿಹಾಕುವುದಕ್ಕೆ ಪಾಶವೆಂದೇ ಹೆಸರು, ಪಾಶವೆಂದರೆ ಹಗ್ಗ. ಮುಂಡಕೋಪನಿಷತ್ತು ಹೃದಯಗ್ರಂಥಿ ಭೇದನವಾಗುವುದನ್ನೇ ಜ್ಞಾನದ ಫಲವೆನ್ನುತ್ತದೆ. ಕನ್ನಡದಲ್ಲಂತೂ ಗಂಟೆಂದರೆ ಕೂಡಿಟ್ಟ ಹಣ. ಗಂಟುಮುಖ, ಕಗ್ಗಂಟು, ಇಡುಗಂಟು, ಯಾವ ಗಂಟೂ ಒಳ್ಳೆಯ ಅರ್ಥದ್ದಲ್ಲ, ಮದುವೆಯ ಬ್ರಹ್ಮಗಂಟೊಂದನ್ನು ಬಿಟ್ಟರೆ, ಅದರ ವಿಷಯದಲ್ಲಿಯೂ ಸಂಸಾರಿಗಳು ಏಕಾಭಿಪ್ರಾಯವುಳ್ಳವರಲ್ಲ. ಬಿಡಿಸಬೇಕಾದ ಗಂಟುಗಳು ಇಷ್ಟಿರುವಾಗ ಹೊಸ ಗಂಟು ಹಾಕುತ್ತ ಕೂರುವುದೇ? ಗ್ರೀಸಿನ ಅರಿಸ್ಟಾಟಲ್ ತನ್ನ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಇದಕ್ಕೆ ಹೊಂದುವ ಮಾತೊಂದನ್ನು ಹೇಳಿದ್ದಾನೆ: ಗಂಟಿನ ಸ್ವರೂಪವನ್ನು ಅರಿಯದವನಿಂದ ಅದನ್ನು ಬಿಚ್ಚುವುದು ಸಾಧ್ಯವಿಲ್ಲವೆಂಬುದು ಅದರ ತಾತ್ಪರ್ಯ. ಬಿಚ್ಚುವ ವಿದ್ಯೆ ಕಟ್ಟುವವನಿಗೆ ಮೊದಲು ತಿಳಿದಿರುತ್ತದೆ. ಅದಲ್ಲದೆ, ನಮ್ಮ ಎದೆಯ ಮೇಲಿನ ಶಿವದಾರವಾದರೂ ಏನು? ನೂಲಿನ ಹುರಿ, ಅದಕ್ಕೊಂದು ಗಂಟು. ಎಲ್ಲ ಪಾಶಗಳನ್ನೂ ಕಳೆಯುವ ವಸ್ತುವನ್ನು ಪೂರ್ವಿಕರು ಹಗ್ಗದಿಂದಲೇ ಕೊರಳಿಗೆ ಕಟ್ಟಿಕೊಂಡರು. ಆದುದರಿಂದ ಗಂಟೆಂಬ ಶಬ್ದವನ್ನು ಕಂಡೇ ಬೆದರಬೇಕಾಗಿಲ್ಲ.

ಇನ್ನು ಚಂದಯ್ಯನವರು. ಅವರ ಹೆಸರನ್ನು ಹಿಡಿದೇ ನಾವು ಆ ತಾಯಿಯನ್ನು ಮೂದಲಿಸಿದ್ದು. ಅವರ ಕಥೆಯನ್ನೇ ಮತ್ತೆ ಓದಬೇಕಾದುದು ನಮ್ಮ ಪ್ರಾಯಶ್ಚಿತ್ತ. ನೂಲಹುಣ್ಣಿಮೆಯಂದು ಜಯಂತಿ ಆಚರಿಸಿಕೊಳ್ಳುವ ಆ ಹನ್ನೆರಡನೆಯ ಶತಮಾನದ ಶರಣರು ಕೆರೆಯಂಚಿನ ಹೊಡಕೆ ಹುಲ್ಲನ್ನು ಕೊಯ್ದು, ನುಲಿದು, ಹಗ್ಗ ಮಾಡಿ ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದರು. ಹಗ್ಗದ ಗುಟ್ಟು ಏನೆಂದರೆ, ಎಳೆಗಳನ್ನು ಒಂದು ದಿಕ್ಕಿಗೆ ಹುರಿಗೊಳಿಸಿ, ಆ ಹುರಿಗಳನ್ನು ಎದುರು ದಿಕ್ಕಿಗೆ ಹೊಸೆಯಬೇಕು. ಒಂದು ಬಿಚ್ಚಿಕೊಳ್ಳಲು ನೋಡಿದರೆ ಇನ್ನೊಂದು ಬಿಗಿಯುತ್ತದೆ. ಮೊಳದುದ್ದವೂ ಇಲ್ಲದ ಹುಲ್ಲು ಹೀಗೆ ಎತ್ತನ್ನು ಕಟ್ಟುವ ಹಗ್ಗವಾಗುತ್ತದೆ. ಒಮ್ಮೆ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಅವರು ಅದನ್ನು ಲಕ್ಷಿಸದೆ ಹೊರೆ ಹೊತ್ತು ನಡೆದರು. ಲಿಂಗವೇ ಬೆನ್ನುಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ತಿಳಿಹೇಳಬೇಕಾಯಿತು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವನ್ನು ಓದಿದವರಿಗೆ ಗೊತ್ತಿದೆ, ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದ ಮುಕ್ತರಲ್ಲವೆಂಬುದು ಚಂದಯ್ಯನವರ ನಿಲುವು. ಆ ಲಿಂಗವನ್ನೂ ಹಗ್ಗ ಮಾರಲು ಕಳುಹಿದರೆಂದೂ, ಅದು ಸಲ್ಲುವ ಬೆಲೆಗಿಂತ ಹೆಚ್ಚು ಹಣ ತಂದಾಗ ಒಪ್ಪಲಿಲ್ಲವೆಂದೂ ಕಥೆ. ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿದುದೂ ಇದೇ ಜಾತಿಯ ನಿಷ್ಠೆ.

ಈ ಕಥೆಯಿಂದ ಕಾಯಕದ ಲಕ್ಷಣ ಸ್ಪಷ್ಟವಾಗುತ್ತದೆ. ಅದು ಹ್ಯಾಗೂ ಮಾಡಬಹುದಾದ ದುಡಿಮೆಯಲ್ಲ; ಮೈಬೆವರಿನದು, ಸತ್ಯಶುದ್ಧವಾದುದು, ನ್ಯಾಯವಾದ ಬೆಲೆಯುಳ್ಳದ್ದು, ದಾಸೋಹಕ್ಕೆ ಸಲ್ಲುವುದು. ಈ ಒರೆಗಲ್ಲಿಗೆ ಮಲ್ಲೇಶ್ವರದ ನಮ್ಮ ಹಿರಿಯರ ಪರದೆಯನ್ನು ತಿಕ್ಕಿದರೆ ಅದು ಕಾಯಕವಲ್ಲವೆಂದೇ ಹೇಳಬೇಕಾಗುತ್ತದೆ. ಅವರ ಮನೆಯಾಕೆಯ ಮಾತು ಶಾಸ್ತ್ರಸಮ್ಮತವಾಗಿದೆ. ಈಚೆಗೆ ನಮ್ಮವರು ಕಾಯಕವೆಂಬ ಶಬ್ದವನ್ನು ಬಹಳ ಅಗ್ಗ ಮಾಡಿದ್ದಾರೆ. ಪ್ರವಾಸ ಹೋಗುವುದೂ ಕಾಯಕ, ಸನ್ಮಾನ ಮಾಡಿಸಿಕೊಳ್ಳುವುದೂ ಕಾಯಕ. ಹುಲ್ಲು ಕೊಯ್ದು ಕೈ ಸೀಳಿಸಿಕೊಂಡವರ ಶಬ್ದ ಅದು; ಬಿಡುವಿನ ವೇಳೆಗೆ ಹೊದಿಸುವ ಶಾಲಲ್ಲ. ಹವ್ಯಾಸಕ್ಕೆ ಹವ್ಯಾಸವೆಂದೇ ಹೆಸರಿರಲಿ. ಇಷ್ಟರ ಮಟ್ಟಿಗೆ ಚಾಮರಾಜಪೇಟೆಯಲ್ಲಿ ನಾವಾಡಿದ ಮಾತೂ ಸುಳ್ಳಲ್ಲ. ನಮ್ಮ ತಪ್ಪು ಅದರ ಮುಂದಿನ ಹೆಜ್ಜೆಯಲ್ಲಿದೆ: ಕಾಯಕವಲ್ಲದ್ದೆಲ್ಲ ಆಲಸ್ಯವೆಂದು ನಾವು ಭಾವಿಸಿದೆವು. ಇದು ಚಂದಯ್ಯನವರ ಮಾತಲ್ಲ. ಗಡಿಯಾರ ನೋಡಿ ಕೂಲಿ ಕೊಡುವ ಕಾರ್ಖಾನೆಯ ಮಾತು. ನಿದ್ರೆ ಕಾಯಕವಲ್ಲ, ಮಗುವನ್ನು ಆಡಿಸುವುದು ಕಾಯಕವಲ್ಲ, ಸತ್ತವರನ್ನು ನೆನೆದು ಅಳುವುದು ಕಾಯಕವಲ್ಲ. ಅವನ್ನು ಯಾವ ಶರಣರು ನಿಷೇಧಿಸಿದ್ದಾರೆ? ಕಲ್ಯಾಣದಲ್ಲಿ ಢಕ್ಕೆ ಬಾರಿಸುವ ಬೊಮ್ಮಣ್ಣನೂ, ಕಿನ್ನರಿ ನುಡಿಸುವ ಬೊಮ್ಮಯ್ಯನೂ, ವೇಷ ಹಾಕಿ ಆಡುವ ಬಹುರೂಪಿ ಚೌಡಯ್ಯನೂ ಇದ್ದರು. ಅವರದು ಕಾಯಕ, ಸರಿ. ಆದರೆ ಢಕ್ಕೆಯನ್ನು ಕೇಳಿ ತಲೆದೂಗಿದವರು, ಆ ಹೊತ್ತಿನಲ್ಲಿ, ಏನು ಮಾಡುತ್ತಿದ್ದರು?

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರ ಕಲಾನುಭವವನ್ನು ಕುರಿತ ಲೇಖನಗಳು ಅವರ ನಿಧನಾನಂತರ 1954ರಲ್ಲಿ ಪುಸ್ತಕವಾಗಿ ಬಂದವು. ನಾವು ಎಂ.ಎ. ಓದುವಾಗ ಅದನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆವು. ಸೌಂದರ್ಯದಲ್ಲಿ ಮುಳುಗಿರುವಷ್ಟು ಹೊತ್ತು ಮನುಷ್ಯನು ತನ್ನ ಲಾಭನಷ್ಟಗಳನ್ನು ಮರೆತಿರುತ್ತಾನೆ, ಆ ಸ್ಥಿತಿ ಮುಕ್ತನ ಸ್ಥಿತಿಯನ್ನು ಹೋಲುತ್ತದೆ, ಆದರೆ ಕ್ಷಣಿಕವಾದುದು ಎಂಬುದು ಸ್ಥೂಲವಾಗಿ ಅವರ ವಿಚಾರ. ಅವರು ಹೇಳುವುದು ಕಾವ್ಯವನ್ನೂ ಸಂಗೀತವನ್ನೂ ಆಸ್ವಾದಿಸುವವರ ವಿಷಯ. ಗಂಟು ಹಾಕುವವರಿಗೂ ಇದು ಅನ್ವಯಿಸುತ್ತದೆಂದು ನಾವು ಸೇರಿಸುತ್ತೇವೆ; ಅಲ್ಲಿ ಇನ್ನೊಂದು ವಿಶೇಷವೂ ಇದೆ. ಗಂಟಿಗೆ ಅಂಟು ಬೇಡ, ಮೊಳೆ ಬೇಡ; ಎಳೆ ಎಳೆಯನ್ನೇ ಒತ್ತಿ ಹಿಡಿಯುತ್ತದೆ. ತಪ್ಪಿದ್ದರೆ ಅದು ಅಲ್ಲಿಯೇ ಕಾಣುತ್ತದೆ. ಮಾತಿನಿಂದ ಮುಚ್ಚುವಂತಿಲ್ಲ, ಅಧಿಕಾರದಿಂದ ತಿದ್ದುವಂತಿಲ್ಲ, ಬಿಚ್ಚಿ ಮತ್ತೆ ಹಾಕಬೇಕು. ದಿನವಿಡೀ ಮಾತಿನಲ್ಲೇ ಬದುಕುವ ನಮ್ಮಂಥವರಿಗೆ ಇಂಥ ವಿದ್ಯೆಯ ಅಗತ್ಯ ಉಳಿದವರಿಗಿಂತ ಹೆಚ್ಚೆಂದು ತೋರುತ್ತದೆ.

ಹಾಗಾದರೆ ಹವ್ಯಾಸಕ್ಕೆ ಧರ್ಮಾಧರ್ಮಗಳೇ ಇಲ್ಲವೇ? ಇವೆ, ಅವು ಮಗನ ಪ್ರಶ್ನೆಯಲ್ಲಿ ಅಡಗಿವೆ. ಮಾರಬಹುದೇ ಎಂದು ಕೇಳಿದ್ದೀರಿ. ನಿವೃತ್ತಿವೇತನ ಬರುವವರು ಹುರಿಯ ಖರ್ಚು ಬಂದರೆ ಸಾಕೆಂದು ಮೂರು ವಾರದ ಕೆಲಸವನ್ನು ಮುನ್ನೂರು ರೂಪಾಯಿಗೆ ಕೊಟ್ಟುಬಿಡುತ್ತಾರೆ. ಕೊಂಡವರಿಗೆ ಸಂತೋಷ, ಕೊಟ್ಟವರಿಗೆ ಸಂತೋಷ. ಆದರೆ ಅದೇ ಬೀದಿಯಲ್ಲಿ ಅದೇ ಗಂಟನ್ನು ಹಾಕಿ ಬಾಡಿಗೆ ಕಟ್ಟಬೇಕಾದ ಹೆಣ್ಣುಮಗಳು ತನ್ನ ಬೆಲೆ ಹೇಳಿದಾಗ, “ಅಲ್ಲಿ ಮುನ್ನೂರಕ್ಕೇ ಸಿಗುತ್ತದಲ್ಲಮ್ಮ” ಎನ್ನುವ ಮಾತನ್ನು ಕೇಳಬೇಕಾಗುತ್ತದೆ. ಚಂದಯ್ಯನವರು ಸಲ್ಲದ ಹೆಚ್ಚಿನ ಬೆಲೆಯನ್ನು ನಿರಾಕರಿಸಿದರು. ಸಲ್ಲದ ಕಡಿಮೆ ಬೆಲೆಯೂ ಅಷ್ಟೇ ಅಶುದ್ಧವೆಂದು ನಾವು ತಿಳಿಯುತ್ತೇವೆ. ಅದರ ನಷ್ಟ ನಮ್ಮ ಹೊಟ್ಟೆಗಲ್ಲದೆ ಇನ್ನೊಬ್ಬರ ಹೊಟ್ಟೆಗೆ ಬೀಳುತ್ತದೆ. ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಮಾರುವುದಾದರೆ ಆ ಹೆಣ್ಣುಮಗಳು ಬದುಕಬಹುದಾದ ಪೂರ್ಣ ಕೂಲಿಯನ್ನು ಲೆಕ್ಕ ಹಾಕಿ ಮಾರಿರಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸಿರಿ. ಅಷ್ಟು ಬೆಲೆಗೆ ಯಾರೂ ಕೊಳ್ಳದಿದ್ದರೆ ಪ್ರೀತಿಯಿಂದ ಕೊಡಿರಿ, ಇಲ್ಲವೇ ನಿಮ್ಮ ಕಿಟಕಿಯಲ್ಲೇ ತೂಗಲಿ. ನಿಮ್ಮ ಮನೆಯ ಸೀರೆಗೆ ಕುಚ್ಚು ಹಾಕಿಸುವಾಗ ಚೌಕಾಸಿ ಮಾಡಬೇಡಿರೆಂದು ಮನೆಯಾಕೆಗೂ ತಿಳಿಸಿರಿ. ಆ ಗಂಟಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಈಗ ನಿಮ್ಮ ಬೆರಳಿಗೇ ಗೊತ್ತಿದೆ. ಹವ್ಯಾಸದಿಂದ ಆಗಬಹುದಾದ ಒಂದು ದೊಡ್ಡ ಲಾಭ ಇದು.

ಅಪಾಯಗಳನ್ನು ಹೆಚ್ಚು ವಿಸ್ತರಿಸುವುದಿಲ್ಲ. ಹಗ್ಗ ಸಾಮಾನ್ಯವಾಗಿ ಹರಿಯುವುದು ಗಂಟಿನ ಬಳಿಯಲ್ಲೇ ಎಂಬುದನ್ನು ಬಾವಿಯಿಂದ ನೀರು ಸೇದಿದವರೆಲ್ಲ ಬಲ್ಲರು. ಗಂಟು ಹಗ್ಗದ ಬಲವನ್ನು ಅರ್ಧದವರೆಗೂ ಕುಗ್ಗಿಸಬಲ್ಲುದು. ಹವ್ಯಾಸವೂ ಹಾಗೆ ಮನೆಯ ಒಂದು ಕಡೆ ಭಾರ ಬೀಳುವಂತೆ ಮಾಡೀತು. ಹಾಸಿಗೆ ಹಿಡಿದವರು ನೀರು ಕೇಳುತ್ತಿರುವಾಗ, ಈ ಸಾಲು ಮುಗಿಯಲಿ, ಎನ್ನುವ ಕೈ ಪಾಶವನ್ನೇ ಹೆಣೆಯುತ್ತಿದೆ. ದಿನಕ್ಕೊಂದು ಗಂಟನ್ನು ಹಾಕಿ, ಅದರ ಚಿತ್ರ ತೆಗೆದು ಊರಿಗೆಲ್ಲ ಕಳುಹಿಸಿ, ಮೆಚ್ಚಿದವರ ಸಂಖ್ಯೆಯನ್ನು ಗಂಟೆಗೊಮ್ಮೆ ಎಣಿಸುವವರನ್ನೂ ನಾವು ಬಲ್ಲೆವು. ಅಲ್ಲಿ ಹುರಿ ಬರಿಯ ನೆವ. ನೈಲಾನ್ ಹುರಿ ಮಣ್ಣಿನಲ್ಲಿ ಕರಗುವುದಿಲ್ಲ, ಹತ್ತಿಯದು ಕರಗುತ್ತದೆ, ಇದನ್ನೂ ಗಮನದಲ್ಲಿಟ್ಟರೆ ಒಳ್ಳೆಯದು.

ಪತ್ರಕ್ಕೆ ಉತ್ತರ ಬರೆದ ಮೇಲೆ, ಪಾದಪೂಜೆಯೇನೂ ಇಲ್ಲದ ಒಂದು ಮಧ್ಯಾಹ್ನ, ನಾವಾಗಿಯೇ ಚಾಮರಾಜಪೇಟೆಗೆ ಹೋದೆವು. “ತಾಯಿ, ಆ ದಿನ ನಾವು ಆಡಿದ್ದು ತಪ್ಪಾಯಿತು” ಎಂದೆವು. ತಾಯಿಯವರಿಗೆ ಮುಜುಗರವಾಯಿತು. “ತಪ್ಪೇನು ಬುದ್ಧಿ, ಮಕ್ಕಳಿಗೆ ಕಲಿಸಬಹುದಿತ್ತು ಎಂದಿರಿ, ನಿಜವೇ. ಆದರೆ ಆಸ್ಪತ್ರೆಗೆ ರಾತ್ರಿ ಮಕ್ಕಳು ಬರುತ್ತಿರಲಿಲ್ಲ” ಎಂದರು. ತೂಗುಪಟವನ್ನು ಮತ್ತೆ ಇಳಿಸಿ ಕಟ್ಟಿಸೋಣವೆಂದು ಸೊಸೆ ಏಣಿ ತರಹೊರಟರು. “ಬೇಡ, ಅದು ಅಲ್ಲೇ ಇರಲಿ” ಎಂದು ತಾಯಿಯವರು ತಡೆದರು. ಬೆರಳು ಈಗ ಮೊದಲಿನಂತೆ ಬಾಗುವುದಿಲ್ಲವಂತೆ; ಹೊಸದನ್ನು ಹಾಕುವ ಮನಸ್ಸೂ ಇಲ್ಲವಂತೆ. ನಮಗೆ ಬೇರೆ ಮಾತು ತೋಚಲಿಲ್ಲ. “ನಮಗೆ ಕಲಿಸಿಕೊಡಿ” ಎಂದೆವು.

ಅವರು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು. ಆಮೇಲೆ ಮೊಮ್ಮಗನಿಂದ ಹುರಿ ತರಿಸಿ, ಬೇಕಾದ ಉದ್ದಕ್ಕಿಂತ ನಾಲ್ಕು ಪಟ್ಟು ಅಳೆದು ಕತ್ತರಿಸಿ, ನಾಲ್ಕು ಎಳೆಗಳನ್ನು ಕಿಟಕಿಯ ಸರಳಿಗೆ ಕಟ್ಟಿದರು. ನಡುವಿನ ಎರಡು ಸುಮ್ಮನಿರಬೇಕು, ಪಕ್ಕದ ಎರಡು ಗಂಟು ಹಾಕಬೇಕು. ಒಮ್ಮೆ ಮಾಡಿ ತೋರಿಸಿದರು. ನಾವು ಹಾಕತೊಡಗಿದೆವು. ಮೊದಲೆರಡು ನೆಟ್ಟಗಿದ್ದಂತೆ ಕಂಡವು. ಆರನೆಯದಕ್ಕೆ ಬರುವಷ್ಟರಲ್ಲಿ ಇಡೀ ಸಾಲು ಬಳ್ಳಿಯಂತೆ ತಿರುಚಿಕೊಂಡು ನಮ್ಮ ಕಡೆಗೆ ಬೆನ್ನು ಮಾಡಿತ್ತು. ಮೊಮ್ಮಗ ನಕ್ಕನು, ಅವನಿಗೆ ಸ್ವಾಮಿಗಳೆಂಬ ಭಯವಿನ್ನೂ ಬಂದಿಲ್ಲ. ತಾಯಿಯವರು ನಗಲಿಲ್ಲ. ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಧ್ವನಿಯಲ್ಲಿ ಹೇಳಿದರು: “ಒಂದೇ ಕಡೆಯಿಂದ ಹಾಕುತ್ತ ಹೋದಿರಿ ಬುದ್ಧಿ. ಒಮ್ಮೆ ಬಲದಿಂದ ಹಾಕಿದರೆ ಮರುಸಲ ಎಡದಿಂದ ಹಾಕಬೇಕು. ಇಲ್ಲದಿದ್ದರೆ ಹೀಗೇ ತಿರುಗಿಕೊಳ್ಳುತ್ತದೆ.” ಉಗುರಿನಿಂದ ಆರು ಗಂಟುಗಳನ್ನೂ ಒಂದೊಂದಾಗಿ ಸಡಿಲಿಸಿ ಬಿಚ್ಚಿ, ಎಳೆಗಳನ್ನು ಸರಿಪಡಿಸಿ, ತುದಿಗಳನ್ನು ನಮ್ಮ ಕೈಗೆ ಕೊಟ್ಟರು.